ಏಳನೆಯ ಸಾಲು, ಕಿಟಕಿ ಪಕ್ಕ

ಅಕ್ಕನ ಹಳೆಯ ಪ್ರಿಸ್ಕ್ರಿಪ್ಶನ್ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಹುಡುಕಿದ್ದು ಸಿಗುವುದಿಲ್ಲ, ಹುಡುಕದೆ ಇದ್ದದ್ದು ತಾನಾಗಿ ಕೈಗೆ ಬರುತ್ತದೆ. ಈ ಸಲ ಬಂದದ್ದು ಕೇಸರಿ ಬಣ್ಣದ ಒಂದು ಪೌಚ್. ಪಾಸ್‌ಪೋರ್ಟ್ ಇಟ್ಟು ಕೊರಳಿಗೆ ಹಾಕಿಕೊಳ್ಳಿ ಎಂದು ಟೂರ್ ಕಂಪನಿಯವರು ಕೊಡುತ್ತಾರಲ್ಲ, ಅದು. ಜಿಪ್ ಎಳೆದೆ. ಒಳಗೆ ಒಂದು ಪೆಪ್ಪರ್‌ಮಿಂಟ್ ಕರಗಿ, ಮತ್ತೆ ಗಟ್ಟಿಯಾಗಿ, ತನ್ನ ಕಾಗದಕ್ಕೇ ಅಂಟಿಕೊಂಡು ಕೂತಿತ್ತು. ಕಾಗದದ ಮೇಲೆ ಚೌಕ ಚೌಕದ, ನನಗೆ ಓದಲು ಬಾರದ ಅಕ್ಷರ. ಮೂಗಿನ ಹತ್ತಿರ ಹಿಡಿದರೆ ಶುಂಠಿಯ ವಾಸನೆ.

ಹಳೆಯ ವಾಸನೆ ಬಂದರೆ ಕೆಲವರಿಗೆ ಕಣ್ಣು ತುಂಬುತ್ತದಂತೆ. ನನಗೆ ಮೊಣಕಾಲು ನೋಯತೊಡಗಿತು. ನಗಬೇಡಿ. ನನ್ನ ನೆನಪುಗಳೆಲ್ಲ ಈಗ ಸೊಂಟದ ಕೆಳಗೇ ಇರುತ್ತವೆ. ಮಂಚದ ಅಂಚಿಗೆ ಕೂತೆ. ಪ್ರಿಸ್ಕ್ರಿಪ್ಶನ್ ಹುಡುಕುವುದು ಹಾಗೇ ಉಳಿಯಿತು. ನೀವೂ ಕೂತುಕೊಳ್ಳಿ, ಅವಸರವೇನಿಲ್ಲ. ಅಕ್ಕ ಒಳಗೆ ಮಲಗಿದ್ದಾಳೆ.

ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಗ್ರೀಸ್ ದೇಶಕ್ಕೆ ಹೋಗಿದ್ದೆವು. ನಲವತ್ತಕ್ಕೂ ಹೆಚ್ಚು ಜನ, ಒಂದು ಬಸ್ಸು, ಹತ್ತು ದಿನ. ಅಕ್ಕನಿಗೆ ಆಗ ಎಪ್ಪತ್ತೆಂಟು, ನನಗೆ ಎಪ್ಪತ್ತೆರಡು. ಇಬ್ಬರೂ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವರು. ಅಲ್ಲಿ ನಮ್ಮನ್ನು ಫೋರ್ಕ್ ಹಿಡಿಯುವುದರಲ್ಲಿ ಪರಿಣತರನ್ನಾಗಿ ಮಾಡಿ, ಜೋಳದ ರೊಟ್ಟಿಯ ಮನೆಗೆ ವಾಪಸು ಕಳಿಸಿದರು. ಪುಣೆಗೆ ಬಂದ ಮೇಲೆ ನಾನು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಸಾಹೇಬರ ಸೆಕ್ರೆಟರಿಯಾಗಿ ಇಡೀ ಆಯುಷ್ಯ 'ಯುವರ್ಸ್ ಫೇಯ್ತ್‌ಫುಲಿ' ಟೈಪು ಮಾಡಿದೆ. ಅಕ್ಕ ಮದುವೆಯಾಗಲಿಲ್ಲ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿದಳು, ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದಳು. ನನ್ನವರು ತೀರಿಕೊಂಡ ಮೇಲೆ ಇಬ್ಬರೂ ಬಿಬವೇವಾಡಿಯ ಈ ಫ್ಲ್ಯಾಟಿನಲ್ಲಿ ಒಟ್ಟಿಗಿದ್ದೇವೆ.

ಅಕ್ಕ ಗ್ರೀಸ್ ಕಲಿಸುತ್ತಿದ್ದ ರೀತಿ ಅವಳ ವಿದ್ಯಾರ್ಥಿನಿಯರಿಗೆ ಇವತ್ತಿಗೂ ನೆನಪಿದೆ. ಕಪ್ಪು ಹಲಗೆಯ ಮೇಲೆ ತನ್ನ ಎಡಗೈಯನ್ನು ಬೆರಳು ಕೆಳಗಾಗಿ ಇಟ್ಟು, ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು, "ದಿಸ್ ಈಸ್ ಗ್ರೀಸ್" ಎನ್ನುತ್ತಿದ್ದಳು. ಬೆರಳ ಸಂದಿಯೆಲ್ಲ ಸಮುದ್ರ. ಸೀರೆಗೆ ಕೈ ಒರೆಸಿಕೊಂಡು ಮನೆಗೆ ಬರುವಾಗ ಅರ್ಧ ದೇಶ ಅವಳ ಸೆರಗಿನ ಮೇಲೆ ಇರುತ್ತಿತ್ತು. ಆ ದೇಶವನ್ನು ಒಮ್ಮೆಯೂ ನೋಡಿದವಳಲ್ಲ. ಗೋವಾ ದಾಟಿದವಳೇ ಅಲ್ಲ.

ಆ ವರ್ಷ ಡಾಕ್ಟರು ಸ್ಕ್ಯಾನ್ ಮಾಡಿಸಿ, ಇನ್ನು ಮುಂದೆ ಇವರ ನೆನಪು ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ ಎಂದರು. ರಿಕ್ಷಾದಲ್ಲಿ ಮನೆಗೆ ಬರುವಾಗ ಅಕ್ಕ ಹೊರಗೇ ನೋಡುತ್ತಿದ್ದಳು. ಆಮೇಲೆ ಅಂದಳು, "ಬೇಬಿ, ಗ್ರೀಸಿಗೆ ಹೋಗೂಣು. ಎಲ್ಲಾ ಮರತ ಮ್ಯಾಲೆ ಹೋದ್ರ ಏನು ಉಪಯೋಗ?"

"ಹೋಗೂಣು" ಎಂದೆ.

"ಒಂದು ಪ್ರಾಮಿಸ್ ಮಾಡು. ಯಾರ ಮುಂದೂ ಹೇಳಬ್ಯಾಡ. ನಾ ಹೆಡ್‌ಮಿಸ್ಟ್ರೆಸ್ ಇದ್ದಾಕಿ. ನನ್ನ ನೋಡಿ ಯಾರೂ 'ಅಯ್ಯ ಪಾಪ' ಅನಬಾರದು."

ಪ್ರಾಮಿಸ್ ಮಾಡಿದೆ. ಟೂರ್ ಕಂಪನಿಯ ಮೆಡಿಕಲ್ ಫಾರ್ಮಿನಲ್ಲಿ 'ಬೇರೆ ಯಾವುದಾದರೂ ಕಾಯಿಲೆ' ಎಂಬ ಕಡೆ 'ನಿಲ್' ಎಂದು ಬರೆದೆ. ನನ್ನದು ಕಾನ್ವೆಂಟಿನ ಕೈಬರಹ, ಸುಳ್ಳು ಕೂಡ ಅದರಲ್ಲಿ ಚೆಂದ ಕಾಣುತ್ತದೆ. ಆದರೆ ಹೆದರಿಕೆ ಅಂದಿನಿಂದಲೇ ಶುರುವಾಯಿತು. ಗೊತ್ತಾದರೆ ಇವಳನ್ನು ಹೋಟೆಲಿನ ಲಾಬಿಯಲ್ಲೇ ಕೂಡಿಸಿ ಬಸ್ಸು ಹೊರಡುತ್ತದೆ, ಅಷ್ಟು ದೂರ ಬಂದು ಅಕ್ಕ ಲಾಬಿಯ ಹೂದಾನಿ ನೋಡಿಕೊಂಡು ಬರಬೇಕಾಗುತ್ತದೆ.

ಪುಣೆಯ ಟೂರ್ ಕಂಪನಿಗಳ ಬಸ್ಸು ಹತ್ತಿದವರಿಗೆ ಸೀಟ್ ರೊಟೇಶನ್ ಎಂದರೇನು ಎಂದು ಹೇಳಬೇಕಾಗಿಲ್ಲ. ಹತ್ತದವರಿಗಾಗಿ ಹೇಳುತ್ತೇನೆ. ಎಲ್ಲರಿಗೂ ಮುಂದಿನ ಸೀಟೇ ಬೇಕು, ಹಿಂದಿನದು ಯಾರಿಗೂ ಬೇಡ. ಅದಕ್ಕೆ ದಿನಕ್ಕೆ ಒಂದೊಂದು ಸಾಲು ಹಿಂದೆ ಸರಿಯುವುದು, ಹಿಂದಿದ್ದವರು ಮುಂದೆ ಬರುವುದು. ಬೆಳಿಗ್ಗೆ ಬಸ್ಸಿನ ಬಾಗಿಲಿಗೆ ಅವತ್ತಿನ ಪಟ್ಟಿ ಅಂಟಿರುತ್ತದೆ. ಡೆಮಾಕ್ರಸಿ ಹುಟ್ಟಿದ್ದು ಅಥೆನ್ಸ್ ನಗರದಲ್ಲಿ ಅನ್ನುತ್ತಾರೆ. ಅದು ಪೂರ್ತಿ ಬೆಳೆದು ದೊಡ್ಡದಾದದ್ದು ನಮ್ಮ ಪುಣೆಯವರ ಟೂರ್ ಬಸ್ಸಿನಲ್ಲಿ. ಪಾರ್ಥೆನಾನ್ ಗುಡಿಯ ಕಂಬ ಎಷ್ಟು ಎಂದು ಯಾರೂ ಎಣಿಸಲಿಲ್ಲ, ಸಾಲು ಎಲ್ಲರೂ ಎಣಿಸಿದರು.

ಮೊದಲ ದಿನ ನಮಗೆ ಮೊದಲ ಸಾಲು ಬಂದಿತ್ತು. ಎರಡನೆಯ ದಿನ ಅಕ್ಕ ಸೀದಾ ಹೋಗಿ ಮತ್ತೆ ಅಲ್ಲೇ ಕೂತಳು. ಆ ಸೀಟು ಅವತ್ತು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರರದು. ಅವರು ಪಟ್ಟಿ ತೋರಿಸಿದರು. ಅಕ್ಕ ಅವರನ್ನು ತಡವಾಗಿ ಬಂದ ಹುಡುಗಿಯನ್ನು ನೋಡುವ ಹಾಗೆ ನೋಡಿದಳು. ನಾನು ನಡುವೆ ನುಗ್ಗಿ, "ಸಾರಿ, ನಮ್ಮಕ್ಕನಿಗೆ ಬಸ್ಸಿನಲ್ಲಿ ವಾಂತಿಯ ತೊಂದರೆ" ಎಂದು ಮರಾಠಿಯಲ್ಲಿ ಒಂದು ಸುಳ್ಳು ಹೇಳಿದೆ.

"ನನಗ? ವಾಂತಿ?" ಅಕ್ಕ ಕನ್ನಡದಲ್ಲಿ ಸಿಡಿದಳು. "ಹುಟ್ಟಿದಾಗಿನಿಂದ ಒಮ್ಮೆನೂ ಆಗಿಲ್ಲ!"

ಹಿಂದಿನಿಂದ ಯಾರೋ ಜೋರಾಗಿ ನಕ್ಕರು. ತಿರುಗಿ ನೋಡಿದೆ. ಹಣೆ ತುಂಬ ಕುಂಕುಮ, ಇಳಕಲ್ ಸೀರೆ, ಕಾಲಲ್ಲಿ ಬಿಳಿ ಸ್ಪೋರ್ಟ್ಸ್ ಶೂ. "ಕನ್ನಡದಾರೇನ್ರಿ ಬಾಯಾರ? ನಾವೂ ಅಥಣಿ ಕಡ್ಯಾರ. ಪುಣೆ ಮಾರ್ಕೆಟ್ ಯಾರ್ಡಿನಾಗ ನಮ್ಮದು ಬೆಲ್ಲದ ಅಂಗಡಿ ಐತಿ. ನಾ ಗಂಗವ್ವ. ಇವ್ರು ನಮ್ಮ ಯಜಮಾನ್ರು, ಮಾತು ಕಡಿಮಿ." ಯಜಮಾನರು ತಲೆಯಾಡಿಸಿ ಅದನ್ನು ಖಚಿತಪಡಿಸಿದರು.

ಪರದೇಶದಲ್ಲಿ ಕನ್ನಡ ಕೇಳಿದರೆ ಖುಷಿಯಾಗಬೇಕು. ನನಗೆ ಆದದ್ದು ಹೆದರಿಕೆ. ಇನ್ನು ಅಕ್ಕ ಕನ್ನಡದಲ್ಲಿ ಏನು ಗೊಣಗಿದರೂ ಅರ್ಥವಾಗುವ ಕಿವಿಯೊಂದು ಬಸ್ಸಿನಲ್ಲಿದೆ. ಅಂದಿನಿಂದ ಗಂಗವ್ವನವರನ್ನು ಕಂಡರೆ ತಪ್ಪಿಸಿಕೊಂಡು ಓಡಾಡಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ಹೆದರಿಕೆಯ ಜೊತೆಗೆ ಸ್ವಲ್ಪ ಕೊಬ್ಬೂ ಇತ್ತು. ಮ್ಯೂಸಿಯಮ್ಮಿನಲ್ಲಿ ಬಟ್ಟೆಯಿಲ್ಲದ ಕಲ್ಲಿನ ಗಂಡಸರ ಎದುರು ನಿಂತು, "ಇವಗ ಒಂದು ಪಂಚಿ ಉಡಸ್ರಿ ಯಾರರ" ಎಂದು ಕೂಗುವ ಹೆಂಗಸಿನ ಪರಿಚಯ ನನಗೆ ಯಾಕೆ ಎಂಬ ಕಾನ್ವೆಂಟಿನ ಕೊಬ್ಬು. ಅವರು ಎರಡು ಸಲ ನಮ್ಮ ರೂಮಿಗೆ ರೊಟ್ಟಿ, ಶೇಂಗಾ ಚಟ್ನಿ ತಂದುಕೊಟ್ಟರು. ಎರಡು ಸಲವೂ ಥ್ಯಾಂಕ್ಯೂ ಹೇಳಿ ಬಾಗಿಲು ಹಾಕಿಕೊಂಡೆ.

ಸೀಟಿನ ಸಮಸ್ಯೆಗೆ ನಾನೊಂದು ಉಪಾಯ ಮಾಡಿದ್ದೆ, ಅದರ ಬಗ್ಗೆ ನನಗೆ ಬಹಳ ಅಭಿಮಾನವೂ ಇತ್ತು. ಪ್ರತಿದಿನ ಬೆಳಿಗ್ಗೆ ಹೋಟೆಲಿನ ಚೀಟಿಯ ಮೇಲೆ ಅವತ್ತಿನ ಸಾಲು ಬರೆದು ಅಕ್ಕನ ಕೊರಳಿನ ಪೌಚಿನಲ್ಲಿ ಇಡುವುದು. ಅಕ್ಕ ಹೇಳಿದ್ದನ್ನು ಮರೆಯುತ್ತಿದ್ದಳು, ಆದರೆ ಬರೆದದ್ದಕ್ಕೆ ಮಾನ ಕೊಡುತ್ತಿದ್ದಳು. ಟೈಮ್‌ಟೇಬಲ್‌ನಲ್ಲಿ ಇದ್ದ ಮೇಲೆ ಮುಗಿಯಿತು, ಹಾಗೇ ಆಗಬೇಕು.

ಅಕ್ಕನಿಗೆ ಒಳ್ಳೆಯ ದಿನಗಳೂ ಇದ್ದವು. ಎಪಿಡಾರಸ್ ಎಂಬಲ್ಲಿ ಗುಡ್ಡಕ್ಕೆ ಒರಗಿದ ಹಳೆಯ ಕಲ್ಲಿನ ರಂಗಮಂದಿರವಿದೆ. ನಟ್ಟನಡುವೆ ನಿಂತು ಮಾತಾಡಿದರೆ ತುತ್ತತುದಿಯ ಮೆಟ್ಟಿಲಿಗೂ ಕೇಳುತ್ತದೆ. ಗೈಡು ಯಾರಾದರೂ ಬನ್ನಿ ಎಂದಳು. ಅಕ್ಕ ಹೋಗಿ ನಿಂತಳು, ಸೆರಗು ಸರಿಮಾಡಿಕೊಂಡಳು, ತೀರಾ ಮೆಲ್ಲಗೆ ಹೇಳಿದಳು, "ಸೈಲೆನ್ಸ್, ಪ್ಲೀಸ್." ನಮ್ಮವರು ಸುಮ್ಮನಾದರು. ಆಚೆ ಕೂತು ಹರಟುತ್ತಿದ್ದ ಫ್ರೆಂಚರ ಗುಂಪೊಂದೂ ಸುಮ್ಮನಾಯಿತು. ಎರಡು ಸಾವಿರ ವರ್ಷ ಹಳೆಯ ಕಲ್ಲೂ ಬೆನ್ನು ನೆಟ್ಟಗೆ ಮಾಡಿದಂತೆ ಕಂಡಿತು. ಅವತ್ತು ನಾನು, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದುಕೊಂಡೆ.

ಉಳಿದ ದಿನಗಳಲ್ಲಿ ನಾನು ನೋಡಿದ ಗ್ರೀಸ್ ಎಂದರೆ ಬೆಂಚುಗಳು. ಅಕ್ಕನಿಗೆ ಹತ್ತಲಾಗುತ್ತಿರಲಿಲ್ಲ, ನನಗೆ ಅವಳನ್ನು ಬಿಡಲಾಗುತ್ತಿರಲಿಲ್ಲ. ಮೈಸೀನಿಯ ಕೋಟೆಯಲ್ಲಿ ಬಾಗಿಲ ಮೇಲಿನ ಎರಡು ಸಿಂಹ ನೋಡಿ ವಾಪಸು ಬಂದು ಬೆಂಚಿಗೆ ಕೂತೆವು. ಮೇಲಿನಿಂದ ಬಂದವರು ಮೊಬೈಲಿನಲ್ಲಿ ಫೋಟೋ ತೋರಿಸಿದರು. ಊಟದ ಹೊತ್ತಿಗೆ ಅಕ್ಕ ಸಿಂಹವನ್ನೂ ಮರೆತಿದ್ದಳು. ದಿನವಿಡೀ ನನ್ನ ಕೆಲಸ ಎಂದರೆ ಅವಳ ಬಾತ್‌ರೂಮಿನ ಬಾಗಿಲು ಕಾಯುವುದು, ಮಾತ್ರೆ, ಕನ್ನಡಕ, ಚೀಟಿ, ಯಾರಾದರೂ ಏನಾದರೂ ಕೇಳಿದರೆ ಅವಳಿಗಿಂತ ಮೊದಲು ನಾನು ಉತ್ತರ ಕೊಡುವುದು. ಸುಳ್ಳು ಹೇಳಿ ದಣಿಯುವುದು ಗುಡ್ಡ ಹತ್ತಿ ದಣಿಯುವುದಕ್ಕಿಂತ ಹೆಚ್ಚು ಎಂದು ನನಗೆ ಅಲ್ಲಿ ಗೊತ್ತಾಯಿತು.

ಹೀಗೆ ಡೆಲ್ಫಿಗೆ ಬಂದೆವು. ಬೆಟ್ಟದ ಓರೆಗೆ ಅಪಾಲೋ ದೇವರ ಗುಡಿ, ಹಿಂದಿನ ಕಾಲಕ್ಕೆ ರಾಜರೆಲ್ಲ ಭವಿಷ್ಯ ಕೇಳಲು ಬರುತ್ತಿದ್ದ ಜಾಗ. ಕೆಳಗೆ ಕಣಿವೆ ತುಂಬ ಆಲಿವ್ ಮರ. ಅಕ್ಕನನ್ನು ಟಿಕೆಟ್ ಕೊಡುವಲ್ಲಿನ ಮರದ ಕೆಳಗೆ ಕೂಡಿಸಿದೆ. ಎಂದಿನಂತೆ ನಾನೂ ಕೂತೆ. ಅದೇನಾಯಿತೋ, ಎದ್ದುಬಿಟ್ಟೆ.

"ಅಕ್ಕಾ, ಇಲ್ಲೇ ಕೂಡು. ಹತ್ತು ಮಿನಿಟಿನಾಗ ಬರ್ತೀನಿ. ಎಲ್ಲಿಗೂ ಏಳಬ್ಯಾಡ."

"ನಾ ಏನು ಸಣ್ಣ ಹುಡಿಗೇನ? ಹೋಗು."

ಗುಡಿಯ ಕಂಬಗಳ ತನಕ ಹೋದೆ. ಅಲ್ಲಿಂದ ತಿರುಗಬೇಕಿತ್ತು. ಇನ್ನೊಂದು ತಿರುವು ಎಂದು ಹತ್ತಿದೆ. ಇನ್ನೊಂದು. ಎಲ್ಲಕ್ಕೂ ಮೇಲಿನ ಕಲ್ಲಿನ ಮೆಟ್ಟಿಲ ಮೇಲೆ ಕೂತಾಗ ಉಸಿರು ಮೇಲೆ ಕೆಳಗಾಗಿತ್ತು. ಕೆಳಗೆ ಗುಡಿ ಅಂಗೈಯಷ್ಟು. ಗಾಳಿ. ಒಂದು ಹದ್ದು ನನಗಿಂತ ಕೆಳಗೆ ಹಾರುತ್ತಿತ್ತು. ಹದ್ದಿನ ಬೆನ್ನು ನೋಡಿದ್ದು ಜನ್ಮದಲ್ಲಿ ಅದೇ ಮೊದಲು. ಎಷ್ಟು ಹೊತ್ತು ಕೂತೆ ಎಂದರೆ, ಇಳಿಯುವಾಗ ಗಡಿಯಾರ ನೋಡಿದೆ, ನಲವತ್ತು ನಿಮಿಷವಾಗಿತ್ತು. ಆ ನಲವತ್ತು ನಿಮಿಷ ನನಗೆ ಅಕ್ಕ ಎಂಬುವಳೊಬ್ಬಳು ಇದ್ದಾಳೆಂಬ ನೆನಪೇ ಬರಲಿಲ್ಲ. ಮರೆವು ಅಕ್ಕನ ರೋಗ ಎಂದುಕೊಂಡಿದ್ದೆ.

ಮರದ ಕೆಳಗೆ ಯಾರೂ ಇರಲಿಲ್ಲ.

ನಮ್ಮ ಟೂರ್ ಮ್ಯಾನೇಜರ್ ಮನೀಷಾ ಎಂಬ ಗಟ್ಟಿ ಹೆಂಗಸು, ನನ್ನನ್ನು ಮರಾಠಿಯಲ್ಲಿ ಮಾವಶಿ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಕೊಡೆ ಎತ್ತಿಕೊಂಡು ಓಡಿ ಬಂದು, "ಮಾವಶಿ, ಅಕ್ಕ ಎಲ್ಲಿ? ಬಸ್ಸು ಹೊರಡುವ ಹೊತ್ತಾಯಿತು" ಎಂದಳು. ಆಗಲೂ ನಾನೇನು ಮಾಡಿದೆ ಗೊತ್ತೆ? ಮುಖದ ಮೇಲೆ ನಗು ತಂದುಕೊಂಡು, "ಟಾಯ್ಲೆಟ್ಟಿಗೆ ಹೋಗಿರಬೇಕು" ಎಂದೆ. ಟಾಯ್ಲೆಟ್ ನೋಡಿದರು. "ಹಾಗಾದರೆ ಮ್ಯೂಸಿಯಮ್ಮಿಗೆ. ಅವಳಿಗೆ ಮ್ಯೂಸಿಯಮ್ ಎಂದರೆ ಪ್ರಾಣ" ಎಂದೆ. ಅಲ್ಲೂ ನೋಡಿದರು. ಹೀಗೆ ನನ್ನ ಪ್ರಾಮಿಸ್ ಉಳಿಸಿಕೊಳ್ಳುತ್ತ ಕಾಲು ಗಂಟೆ ಕಳೆದೆ. ರಸ್ತೆಯ ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಪ್ರಪಾತ.

ಗಂಗವ್ವನವರು ಬಂದು ನನ್ನ ಎರಡೂ ಭುಜ ಹಿಡಿದರು. "ಬಾಯಾರ, ಸಾಕ್ ಮಾಡ್ರಿ. ನಿಮ್ಮ ಅಕ್ಕಾರಿಗೆ ನೆನಪು ಹಾರತೈತಿ, ಅದನ್ನ ಮೊದಲ ಆ ಮನೀಷಾಗ ಹೇಳ್ರಿ. ಹುಡಕೂ ರೀತಿನ ಬ್ಯಾರೆ ಇರತೈತಿ."

"ನಿಮಗ ಯಾರು ಹೇಳಿದ್ರು?"

"ಯಾರ್ ಹೇಳಬೇಕ್ರಿ? ವಾಂತಿ ಅಂದ್ರಲ್ಲ, ಅವತ್ತ ಗೊತ್ತಾತು. ನಮ್ಮ ಅತ್ತಿ ಹಿಂಗ ಇದ್ರು. ಬಸ್ಸಿನಾಗ ಎಲ್ಲಾರಿಗೂ ಗೊತ್ತೈತಿ. ನೀವು ಮುಚ್ಚಾಕತ್ತಿದ್ರಿ, ನಾವು ಕಾಣಲಾರದಂಗ ಇದ್ವಿ. ನಿಮಗ ಬ್ಯಾಸರ ಆಗಬಾರದಂತ."

ಇಡೀ ಬಸ್ಸು ಐದು ದಿನ ನನಗಾಗಿ ನಾಟಕವಾಡಿತ್ತು. ಬ್ಯಾಂಕ್ ಮ್ಯಾನೇಜರರು ಕೂಡ. ನಾಚಿಕೆಯಾಯಿತೋ ಹಗುರವಾಯಿತೋ ಇವತ್ತಿಗೂ ಹೇಳಲಾರೆ. ಮನೀಷಾಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು, "ಅವರ ಹತ್ತಿರ ಇವತ್ತು ಬರೆದದ್ದು ಏನಾದರೂ ಇದೆಯೇ?"

ಚೀಟಿ! 'ಏಳನೆಯ ಸಾಲು, ಕಿಟಕಿ ಪಕ್ಕ' ಎಂದು ನಾನೇ ಬರೆದಿದ್ದೆ. ಯಾವ ಬಸ್ಸು ಎಂದು ಬರೆದಿರಲಿಲ್ಲ. ರಸ್ತೆಯುದ್ದಕ್ಕೂ ಒಂದರ ಹಿಂದೆ ಒಂದು ಬಿಳಿ ಬಸ್ಸುಗಳು ನಿಂತಿದ್ದವು.

ಗಂಗವ್ವನವರ ಯಜಮಾನರು ಮಾತಿಲ್ಲದೆ ಒಂದೊಂದೇ ಬಸ್ಸು ಹತ್ತಿ ಇಳಿಯುತ್ತ ಹೋದರು. ನಾಲ್ಕನೆಯದರ ಬಾಗಿಲಲ್ಲಿ ನಿಂತು ಕೈ ಬೀಸಿದರು. ಅದು ಕೊರಿಯಾ ದೇಶದ ಹಿರಿಯರ ಬಸ್ಸು. ಏಳನೆಯ ಸಾಲಿನ ಕಿಟಕಿ ಪಕ್ಕ ಅಕ್ಕ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆ ಸೀಟಿನ ಯಜಮಾನ, ಬಿಳಿ ಕೂದಲಿನ ಒಬ್ಬ ಮುದುಕ, ಸೋತು ಪಕ್ಕದ ಸೀಟಿನಲ್ಲಿ ಕೂತಿದ್ದ. ಇಬ್ಬರ ಕೆನ್ನೆಯಲ್ಲೂ ಪೆಪ್ಪರ್‌ಮಿಂಟ್ ಇತ್ತು. ಅವರ ಗೈಡು ಕೈಮುಗಿದು ನಿಂತಿದ್ದ.

"ಬೇಬಿ, ಎಷ್ಟೊತ್ತು?" ಅಕ್ಕ ನನ್ನನ್ನು ಗದರಿದಳು. "ಇವರಿಗೆ ಯಾರರ ರೊಟೇಶನ್ ಅಂದ್ರ ಏನಂತ ಹೇಳ್ರಿ. ಚೀಟಿ ತೋರಸಿದೆ, ಆದ್ರೂ ಏಳು ಅಂತಾನ."

ಬಾಗಿಲಲ್ಲಿ ಗುಂಪಾಗಿದ್ದ ನಮ್ಮವರೆಲ್ಲ ನಕ್ಕರು. ಕೊರಿಯಾದವರಿಗೆ ಏನೂ ತಿಳಿಯದೆ ಅವರೂ ನಕ್ಕರು. ನಾನು ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ಕೂತು ಅಳತೊಡಗಿದೆ. ಇಳಿಯುವಾಗ ಆ ಮುದುಕ ನನ್ನ ಕೈಯಲ್ಲೂ ಒಂದು ಪೆಪ್ಪರ್‌ಮಿಂಟ್ ಇಟ್ಟ.

ಅಕ್ಕ ನನ್ನ ಮುಖವನ್ನು ನೋಡುತ್ತ ನಡೆದಳು. ಕೆಲವು ಸಲ ಅವಳಿಗೆ ಎಲ್ಲವೂ ಒಮ್ಮೆಲೇ ಸ್ಪಷ್ಟವಾಗುತ್ತಿತ್ತು. ನಮ್ಮ ಬಸ್ಸಿನಲ್ಲಿ ಕೂತ ಮೇಲೆ ಅಂದಳು, "ಎಷ್ಟು ದಣದೀಯಲ್ಲ ನೀ. ಕನ್ನಡ್ಯಾಗ ನೋಡಿಕೊಂಡೀಯೇನ?" ಬಸ್ಸು ಹೊರಟಿತು. ಅವಳು ಎದ್ದು, ಸೀಟುಗಳನ್ನು ಹಿಡಿಯುತ್ತ ಮುಂದೆ ಹೋಗಿ ಮನೀಷಾಳ ಕೈಯಿಂದ ಮೈಕು ತೆಗೆದುಕೊಂಡಳು. ಅಂತ್ಯಾಕ್ಷರಿ ಎಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು.

ಅಕ್ಕ ಇಂಗ್ಲಿಷಿನಲ್ಲಿ ಹೇಳಿದಳು: "ನಾನು ಜೀವನವಿಡೀ ಇತಿಹಾಸ ಕಲಿಸಿದೆ. ಈಗ ನಿನ್ನೆ ಮೊನ್ನೆಯದು ನನಗೆ ನಿಲ್ಲುವುದಿಲ್ಲ. ಒಳ್ಳೆಯ ದಿನ ಇರುತ್ತವೆ, ಇಲ್ಲದ ದಿನವೂ ಇರುತ್ತವೆ. ನಾನು ತಪ್ಪು ಜಾಗದಲ್ಲಿ ಕೂತದ್ದು ಕಂಡರೆ ದಯವಿಟ್ಟು ಸರಿಯಾದ ಜಾಗಕ್ಕೆ ಕರೆತನ್ನಿ. ನನ್ನ ತಂಗಿಗೆ ಇದನ್ನು ಮುಚ್ಚಿಡು ಅಂದವಳು ನಾನೇ. ಅದು ನನ್ನ ತಪ್ಪು. ಎನಿ ಡೌಟ್ಸ್?"

ಬ್ಯಾಂಕ್ ಮ್ಯಾನೇಜರರು ಕೈ ಎತ್ತಿ, ನಿಜವಾಗಿ ಎದ್ದು ನಿಂತು ಕೇಳಿದರು, "ಮ್ಯಾಡಮ್, ಈ ಡೆಲ್ಫಿಯವರು ಹೇಳಿದ ಭವಿಷ್ಯ ಒಂದಾದರೂ ಖರೆ ಆಗಿತ್ತೇ?"

"ಕೇಳಿದವನು ತನಗೆ ಬೇಕಾದ ಅರ್ಥ ಮಾಡಿಕೊಂಡು ಹೋಗುತ್ತಿದ್ದ. ಸಿಟ್ ಡೌನ್," ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಸೀಟಿನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇತ್ತು. ಯಾವ ಜಾಗದಲ್ಲಿ ಯಾರು ಅಕ್ಕನ ಜೊತೆ ಕೂರುವುದು ಎಂದು. ರೊಟೇಶನ್ ಪ್ರಕಾರ. ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಅವತ್ತು ನಾವು ಕಂಡದ್ದು ಬಂಡೆಗಳ ನೆತ್ತಿಯ ಮೇಲೆ ಕಟ್ಟಿದ ಹಳೆಯ ಮಠಗಳನ್ನು. ಗಂಗವ್ವನವರ ಯಜಮಾನರು ಅಕ್ಕನ ಪಾಳಿಗೆ ಕೂತರು. ಅಕ್ಕ ಅವರಿಗೆ ಪಾಠ ಹೇಳಿದಳಂತೆ, ಅವರು ಕೇಳಿದರಂತೆ. ಅಷ್ಟು ಚೆನ್ನಾಗಿ ಕೇಳುವವರು ಅವಳಿಗೆ ಶಾಲೆಯಲ್ಲೂ ಸಿಕ್ಕಿರಲಿಕ್ಕಿಲ್ಲ.

ಮೆಟ್ಟಿಲು ಹತ್ತುತ್ತ ನಾನು ಗಂಗವ್ವನವರಿಗೆ, ಯಾರಿಗೂ ಹೇಳದ ಮಾತು ಹೇಳಿದೆ. "ನಿನ್ನೆ ಅಲ್ಲಿ ಮೇಲೆ ಕೂತಾಗ ನನಗ ಅಕ್ಕನ ನೆನಪೇ ಬರಲಿಲ್ರಿ. ಒಂದ್ಸಲನೂ."

ಅವರು ಕಂಬಿ ಹಿಡಿದು ಸುಧಾರಿಸಿಕೊಂಡರು. "ಬರಬಾರದ್ರಿ. ಅದಕ್ಕ ಮ್ಯಾಲೆ ಹೋಗೂದು."

ಕಥೆ ಇಲ್ಲಿಗೇ ಮುಗಿದು, ನಾನು ಬುದ್ಧಿ ಕಲಿತು ಬಂದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ಪರದೇಶದಲ್ಲಿ ಕಲಿತದ್ದು ಮುಂಬಯಿಯ ಕಸ್ಟಮ್ಸ್ ದಾಟಿ ಬರಲಿಲ್ಲ. ಅಪರಿಚಿತರ ಮುಂದೆ ನಿಜ ಸುಲಭ. ಬೆಳಗಾವಿಯಲ್ಲಿ ನಮ್ಮವರಿದ್ದಾರೆ, ಅವರ ಪಾಲಿಗೆ ಅಕ್ಕ ಮನೆತನದ ಮೊದಲ ಬಿ.ಎ. ಅಲ್ಲಿಗೆ ನಾನು ನಾಲ್ಕು ವರ್ಷದಿಂದ 'ನಿಲ್' ಎಂದೇ ಬರೆಯುತ್ತ ಬಂದಿದ್ದೇನೆ. ಈಗ ಅಕ್ಕನಿಗೆ ಗ್ರೀಸ್ ಇಲ್ಲ, ಶಾಲೆಯಿಲ್ಲ. ಹೆಚ್ಚಿನ ದಿನಗಳಲ್ಲಿ ನಾನೂ ಇಲ್ಲ. ನನ್ನನ್ನು ಕಾನ್ವೆಂಟಿನ ಯಾರೋ ಸನ್ಯಾಸಿನಿ ಎಂದು ತಿಳಿದು ಮರ್ಯಾದೆಯಿಂದ "ಗುಡ್ ಮಾರ್ನಿಂಗ್, ಮದರ್" ಎನ್ನುತ್ತಾಳೆ. ಬೆಳಿಗ್ಗೆ ಎರಡು ತಾಸು ಕೆಲಸದ ಹೆಂಗಸೊಬ್ಬಳು ಬಂದು ಸ್ನಾನ ಮಾಡಿಸಿ ಹೋಗುತ್ತಾಳೆ. ಉಳಿದದ್ದು ನಾನು. ಎಪ್ಪತ್ತಾರರ ನಾನು.

ಪೆಪ್ಪರ್‌ಮಿಂಟನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಫೋನು ಬಂತು. ಚಿಕ್ಕಪ್ಪನ ಮಗಳು ಸುಮತಿ, ಬೆಳಗಾವಿಯಿಂದ. ಪ್ರತಿ ರವಿವಾರ ಮಾಡುತ್ತಾಳೆ. ಅರವತ್ತೆರಡರ ಹೆಂಗಸು, ಗಟ್ಟಿಮುಟ್ಟು. ಮಕ್ಕಳ ಮದುವೆ ಮುಗಿಸಿ ಈಗ ಬೇಜಾರಾಗುತ್ತದೆ ಎಂದು ಪ್ರತಿ ಸಲವೂ ಗೋಳಾಡುವವಳು.

"ದೊಡ್ಡಕ್ಕ ಹೆಂಗಿದ್ದಾಳ?" ಎಂದಳು ಎಂದಿನಂತೆ.

'ಫೈನ್' ಎಂಬ ಮಾತು ತುಟಿಯ ತನಕ ಬಂದಿತ್ತು.

"ಚಲೋ ಇಲ್ಲ, ಸುಮತಿ. ನನ್ನ ಗುರ್ತ ಹಿಡಿಯೂದಿಲ್ಲ. ಈಗಲ್ಲ, ಭಾಳ ದಿನ ಆತು. ಸುಳ್ಳು ಹೇಳಿದೆ ನಿಮಗೆಲ್ಲ." ಆಮೇಲೆ, ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂದು ಒಂದೇ ಉಸಿರಿಗೆ: "ನನಗ ದಣಿವಾಗೇದ. ನೀ ಬಂದು ಸ್ವಲ್ಪ ದಿನ ಇರತೀಯೇನ?"

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಬೈಗುಳ ಶುರುವಾಯಿತು.

"ಹುಚ್ಚಿ! ನಾಲ್ಕು ವರ್ಷದಿಂದ ನಾ ಏನ್ ಕೇಳಾಕತ್ತಿದ್ದೆ, ನೀ ಏನ್ ಹೇಳಾಕತ್ತಿದ್ದಿ? ದೊಡ್ಡಕ್ಕ ನನಗ ಎ ಬಿ ಸಿ ಡಿ ಕಲಿಸಿದಾಕಿ. ನನಗ ಹಕ್ಕಿಲ್ಲೇನ?" ಮತ್ತೆ ಒಂದು ಸಲ ಮೂಗು. "ಮಂಗಳವಾರ ಬರ್ತೀನಿ. ಒಂದು ತಿಂಗಳು ಇರ್ತೀನಿ. ನಿನಗ ಬ್ಯಾಡಾದ್ರೂ ಇರ್ತೀನಿ. ಈಗ ಫೋನ್ ಇಟ್ಟು ಮಕ್ಕೋ."

"ಅಕ್ಕ ಎದ್ದರ?"

"ಎದ್ದರ ಕರೀತಾಳ. ಮಕ್ಕೋ."

ಫೋನು ಇಟ್ಟೆ. ಮಧ್ಯಾಹ್ನ ಮೂರು ಗಂಟೆ. ಅಕ್ಕನ ಕೋಣೆಯ ಬಾಗಿಲನ್ನು ಇನ್ನಷ್ಟು ತೆರೆದಿಟ್ಟೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಹೊದಿಕೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ನಾನು ಬಂದು ಕನ್ನಡಕ ತೆಗೆದಿಟ್ಟು, ಕಾಲು ಚಾಚಿ, ಈ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಎರಡೂ ಕಣ್ಣು ಮುಚ್ಚಿ ಮಲಗಿದೆ.